ಕೂಡದ ಎಲುಬು

ಮೈಲವ್ವ ಬಿದ್ದಿರಲಿಲ್ಲ. ಹಿತ್ತಲಲ್ಲಿ ಒಗೆದ ಚಾದರ ಹಿಂಡುತ್ತಿದ್ದಳು, ಬಲ ರಟ್ಟೆ ಲಟಕ್ಕನೆ ಮುರಿಯಿತು.

ಗಂಡ ಗುಡದಪ್ಪ ಕರ್ಜಗಿಯಲ್ಲಿ ಮೂವತ್ತು ವರ್ಷದಿಂದ ಎಲುಬು ಕಟ್ಟುತ್ತಿದ್ದವ. ಹಾವೇರಿ, ಬ್ಯಾಡಗಿ ಕಡೆಯಿಂದಲೂ ಜನ ಅವನ ಕೈಗುಣ ನಂಬಿ ಬರುತ್ತಿದ್ದರು. ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ಸೀಳು ಇಟ್ಟು ಹೆಂಡತಿಯ ಕೈ ಕಟ್ಟಿದ. ಇಪ್ಪತ್ತೊಂದು ದಿನಕ್ಕೆ ಬಿಚ್ಚಿ ನೋಡಿದರೆ ರಟ್ಟೆ ಹಾಗೇ ಜೋಲುತ್ತಿತ್ತು.

“ಕೈ ಅಳ್ಳಾಡಿಸೀದಿ ನೀ,” ಎಂದು ರೇಗಿದ.

“ಇಲ್ರೀ. ಮಲಗಿದಾಗೂ ಎದಿ ಮ್ಯಾಲ ಇಟ್ಕೊಂಡೇನಿ.”

ಅವನು ನಂಬಲಿಲ್ಲ. ಈ ಸಲ ಇನ್ನಷ್ಟು ಬಿಗಿದು ಕಟ್ಟಿದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಕೂತಳು.

ತಿಂಗಳಾದರೂ ಕೈ ಕೂಡಲಿಲ್ಲ. ಮೇಲೆ ತೊಡೆಯೂ ನೋಯತೊಡಗಿತು. ಮಗಳು ಪುಷ್ಪಲತಾ ಅಪ್ಪನ ಮಾತು ಕೇಳದೆ ಅವ್ವನನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೊರಟಳು. ಗುಡದಪ್ಪ ಮುಖ ಗಂಟಿಕ್ಕಿಕೊಂಡು ಹಿಂದೆ ಹೋದ.

ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದರು. “ಎರಡು ವರ್ಷದ ಹಿಂದ ಎದಿ ಗಡ್ಡಿ ತಗಸಿದ್ರಲ್ಲ, ಆ ಕ್ಯಾನ್ಸರ್ ಈಗ ಎಲುಬಿಗೆ ಇಳದೈತಿ. ಒಳಗಿಂದ ತಿಂದು ಟೊಳ್ಳ ಮಾಡೈತಿ. ಹ್ಯಾಂಗ ಕಟ್ಟಿದ್ರೂ ಕೂಡೂದಿಲ್ಲ. ತೊಡಿ ಎಲುಬಿನ್ಯಾಗೂ ಕಸುವು ಉಳದಿಲ್ಲ, ಹಾಸಿಗ್ಯಾಗ ಮಗ್ಗಲ ಹೊಳ್ಳಿದ್ರೂ ಮುರೀಬಹುದು. ಅದಕ್ಕಿಂತ ಮೊದಲ ಒಳಗ ರಾಡ್ ಹಾಕಸ್ರಿ.”

ಗುಡದಪ್ಪ ಫಿಲ್ಮು ಕೈಗೆ ತಗೊಂಡ. ಮುರಿದ ಎಲುಬು ಅವನಿಗೆ ಹೊಸದಲ್ಲ. ಆದರೆ ಇದು ನುಸಿ ಹಿಡಿದ ಜೋಳದ ಹಾಗೆ ತೂತುತೂತಾಗಿತ್ತು.

ಊರಿಗೆ ಮರಳುವಾಗ ಬಸ್ಸಿನಲ್ಲಿ, “ನಿನ್ನ ಸುಮ್ಮಸುಮ್ಮನ ಬೈದೆ,” ಎಂದ.

“ಬೈದದ್ದು ಬಿಡ್ರಿ. ಎರಡನೇ ಸಲ ಬಿಗಿದು ಕಟ್ಟಿದ್ರಲ್ಲ, ಅದು ಭಾಳ ನೋವಾತು.”

ಕಿಟಕಿಯಾಚೆ ನೋಡುತ್ತ ಹೇಳಿದಳು, ಸಿಟ್ಟಿಲ್ಲದೆ.

ಹುಬ್ಬಳ್ಳಿಯಲ್ಲಿ ತೊಡೆಗೆ ರಾಡ್ ಹಾಕಿದರು, ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ನೋವು ಇಳಿಯಿತು, ರೋಗ ಇಳಿಯಲಿಲ್ಲ. ಅವಳನ್ನು ಎತ್ತುವುದು, ಹೊಳ್ಳಿಸುವುದು ಎಲ್ಲಾ ಗುಡದಪ್ಪನೇ ಮಾಡಿದ, ಮಗಳಿಗೂ ಬಿಡಲಿಲ್ಲ. ಒಂದು ಮುಂಜಾನೆ ಅವಳು ಕೆಮ್ಮಿದಾಗ ಪಕ್ಕೆಲುಬು ಮುರಿದ ಸಪ್ಪಳ ಇಬ್ಬರಿಗೂ ಕೇಳಿಸಿತು.

“ಇದನ್ನ ಕಟ್ಟಬ್ಯಾಡ್ರಿ,” ಎಂದಳು.

“ಇಲ್ಲ, ಕಟ್ಟೂದಿಲ್ಲ.”

ಎರಡು ಸಾವಿರದ ಐದರ ಶ್ರಾವಣದಲ್ಲಿ ತೀರಿಕೊಂಡಳು. ಕುಂದ್ರಿಸಿ ಮಣ್ಣು ಮಾಡುವ ಪದ್ಧತಿ ಅವರದು. ಬೀಗರು, ಬಂಧುಗಳು ಕಾಲು ಮಡಚಲು ಹೋದಾಗ ಗುಡದಪ್ಪ ನಡುವೆ ಬಂದ.

“ಸಾವಕಾಶ... ಸಾವಕಾಶ ಹಿಡೀರಿ, ಮುರೀತೈತಿ.”

ಒಬ್ಬೊಬ್ಬರೇ ಕೈ ತೆಗೆದರು. ಕೊನೆಗೆ ಅವನೇ ಮಂಡಿಯೂರಿ ಕೂತು ಅವಳ ಕಾಲು ಮಡಚಿದ.