ಕೆಮ್ಮಿಗೊಂದು ಏಟು

"ಕೆಮ್ಮಿದ್ರೆ ಗಂಟಲು ಸೀಳಿಬಿಡ್ತೀನಿ, ಬೇವರ್ಸಿ ನನ್ಮಗನೇ. ಕಲ್ಲು ಕೊಳ್ಳೋಕೆ ಬರೋ ಆ ಯಮ್ಮ ಹೋಗೋ ತನಕ ಉಸಿರು ಬಿಗಿಹಿಡ್ಕೊಂಡು ಬಿದ್ದಿರು ಒಳಗೆ."

ಕಲ್ಲಿನ ಸಾಣೆ ಷೆಡ್ಡಿನಲ್ಲಿ ತಂತಿ ಬಡಿಯುವವಳ ಎದುರೇ ಧಣಿ ಅವಳ ಗಂಡನ ಅಂಗಿಯ ಕತ್ತುಪಟ್ಟಿ ಹಿಡಿದು ಉಗ್ರಾಣದೊಳಕ್ಕೆ ದೂಡಿದ. ಕಲ್ಲಿನ ಮೂಟೆಗಳ ಮೇಲೆ ಮುಗ್ಗರಿಸಿ ಬಿದ್ದವನು ಏಳಲು ಹೋಗಿ ಮತ್ತೆ ಕೆಮ್ಮಿದ. ಬಾಗಿಲು ಮುಚ್ಚಿತು, ಬೀಗ ಬಿತ್ತು, ಬೀಗದ ಕೈ ಧಣಿಯ ಜೇಬು ಸೇರಿತು.

"ಒಳಗೆ ಕಿಟಕಿನೂ ಇಲ್ಲ ಧಣಿ, ಬರೀ ಧೂಳು. ನಮ್ಮ ರೂಮಲ್ಲೇ ಮಲಗಿಸ್ತೀನಿ," ಎಂದಳು ಅವಳು.

"ನಿಮ್ಮ ರೂಮಿರೋದು ಇದೇ ಅಂಗಳದಲ್ಲಿ ತಾನೇ? ಆ ಯಮ್ಮನಿಗೇನು ಕಿವುಡಾ? ಕಲ್ಲಿನ ಧೂಳು ಕುಡಿದು ಕೆಮ್ಮೋನು ಒಬ್ಬ ಕಂಡ್ರೂ ಒಂದು ಕಲ್ಲೂ ಮುಟ್ಟಲ್ಲ ಅಂದಿದ್ದಾಳೆ. ಅವಳು ಕೈಬಿಟ್ರೆ ಮೊದಲು ಬೀದಿಗೆ ಬೀಳೋದು ನಿನ್ನ ಪಾತ್ರೆಪಗಡ. ತಿಳೀತಾ?"

ತಿಳಿಯದೇನು. ಪಕ್ಕದ ರೂಮಿನ ಸಾಣೆಯವನು ರಕ್ತ ಕಾರಿದ ದಿನವೇ ಅವನ ಹೆಂಡತಿ ಹಾಸಿಗೆ ಸುತ್ತಿಕೊಂಡು ಗೇಟಿನಾಚೆ ಕೂತಿದ್ದನ್ನು ಕಣ್ಣಾರೆ ಕಂಡವಳು ಅವಳು. ಒಂದು ಚೊಂಬು ನೀರು ಒಯ್ದು ಕೊಡುವ ಧೈರ್ಯವೂ ಆಗ ಬಂದಿರಲಿಲ್ಲ.

"ಕೆಮ್ಮು ಕೇಳಿಸ್ತು ಅಂದ್ರೆ ಸುತ್ತಿಗೆ ಬಡಿ," ಎಂದ ಧಣಿ. "ತಂತಿ ಬಡಿಯೋದು ನಿನ್ನ ಕೆಲಸಾನೇ ತಾನೇ. ಯಾರಿಗೂ ಅನುಮಾನ ಬರಲ್ಲ."

ಷೆಡ್ಡನ್ನು ಬೆಳಿಗ್ಗೆಯೇ ತೊಳೆದಿದ್ದರು. ವರ್ಷವಿಡೀ ನೀರು ಕಾಣದೆ ತಿರುಗಿ ಧೂಳು ಕಾರುತ್ತಿದ್ದ ಸಾಣೆಚಕ್ರಗಳಿಗೆ ಆವತ್ತು ನೀರಿನ ಭಾಗ್ಯ ಬಂದಿತ್ತು. ಉಳಿದ ಸಾಣೆಯವರ ನಡುವೆ ಗಂಡನ ಜಾಗದಲ್ಲಿ ಧಣಿಯ ಡ್ರೈವರ್ ಹೊಸ ಅಂಗಿ ತೊಟ್ಟು ಕೂತಿದ್ದ. ಹುಟ್ಟಿದಾಗಿನಿಂದ ಸಾಣೆ ಮುಟ್ಟದ ಆಸಾಮಿ, ಕಲ್ಲನ್ನು ಕೋಳಿಮೊಟ್ಟೆ ಹಿಡಿದ ಹಾಗೆ ಹಿಡಿದಿದ್ದ.

ಕೊಳ್ಳಲು ಬಂದ ಹೆಂಗಸು ಮೆಲುಮಾತಿನವಳು. ಕಂದು ಬಿಳಿ ಪಟ್ಟೆಗಳ ಅಗೇಟ್ ಕಲ್ಲೊಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಕೈಯಲ್ಲೇ ಕಡೆದಿದ್ದಾ? ಯಾರು ಕಡೆದಿದ್ದು?" ಎಂದು ಕೇಳಿದಳು.

"ಇವನೇ ಮೇಡಂ. ನೋಡಿ, ಹೆಂಗೆ ಗುಂಡುಕಲ್ಲಿನ ಹಾಗಿದ್ದಾನೆ," ಎಂದು ಧಣಿ ಡ್ರೈವರನ ಬೆನ್ನು ತಟ್ಟಿದ.

ಆ ಬಿಳಿ ಪಟ್ಟೆ ನಡುಮಧ್ಯಕ್ಕೆ ಬರಲೆಂದು ಗಂಡ ಕಲ್ಲನ್ನು ಮೂಗಿನ ಹತ್ತಿರ ಹಿಡಿದು, ಅದರ ಪುಡಿಯನ್ನೆಲ್ಲ ಉಸಿರಿಗೆಳೆದುಕೊಂಡು ಉಜ್ಜಿದ್ದು ಅವಳಿಗೆ ಗೊತ್ತಿತ್ತು. ಆದರೂ ಅವಳು ತಲೆ ಎತ್ತಲಿಲ್ಲ.

"ಇದಕ್ಕೆ ತೂತು ಕೊರೆಯಲ್ವಾ?"

"ಇಲ್ಲ ಮೇಡಂ, ಕೊರೆದ್ರೆ ಪಟ್ಟೆ ಉದ್ದಕ್ಕೂ ಸೀಳುತ್ತೆ. ಇವಳು ತಂತಿ ಸುತ್ತಿಯೇ ಪದಕ ಮಾಡ್ತಾಳೆ. ತೋರಿಸಮ್ಮ."

ಹೆಂಗಸು ಅವಳ ಎದುರೇ ಸ್ಟೂಲು ಹಾಕಿಕೊಂಡು ಕೂತಳು. ಅವಳು ಬೆಳ್ಳಿ ತಂತಿಯನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಮೆಲ್ಲಗೆ ಬಡಿದು ಚಪ್ಪಟೆ ಮಾಡಿದಳು. ಇಕ್ಕುಳದಿಂದ ಬಾಗಿಸಿ ಕಲ್ಲಿನ ಬೆನ್ನಿಗೆ ಒಂದು ಸುತ್ತು ಹಾಕುವಷ್ಟರಲ್ಲಿ ಉಗ್ರಾಣದಿಂದ ಕೆಮ್ಮು ಬಂತು. ತಂತಿಯ ಉಳಿದ ತುದಿಯನ್ನು ಮತ್ತೆ ಕಬ್ಬಿಣದ ಮೇಲಿಟ್ಟಳು. ಸುತ್ತಿಗೆ ಎತ್ತಿ ಬಡಿದಳು. ಅವನು ಕೆಮ್ಮಿದ, ಇವಳು ಬಡಿದಳು. ಅವನ ಕೆಮ್ಮು ಎಳೆದಷ್ಟು ಹೊತ್ತೂ ಬಡಿದಳು.

"ಎಷ್ಟು ಚೆನ್ನಾಗಿ ಬಡೀತೀಯಮ್ಮ, ತಾಳ ಹಾಕಿದ ಹಾಗಿದೆ," ಎಂದಳು ಹೆಂಗಸು.

ಇವಳು, ಕೆಮ್ಮು ನಿಲ್ಲಲಿ, ಒಮ್ಮೆ ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ಬಡಿದಳು. ಬೆಳ್ಳಿ ತಂತಿಗೆ ಅಷ್ಟು ಏಟು ಆಗಿಬರುವುದಿಲ್ಲ. ಏಟು ಹೆಚ್ಚಿದರೆ ಬಿರುಸಾಗುತ್ತದೆ, ಮತ್ತೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಬೇಕು. ಕೆಲಸ ಕಲಿತ ಮೊದಲ ದಿನವೇ ಗೊತ್ತಾಗುವ ಸಂಗತಿ ಅದು. ಭಯದಲ್ಲಿ ಅದೂ ಮರೆತುಹೋಗಿತ್ತು. ಮುಂದಿನ ಸುತ್ತು ಹಾಕಲು ಬಾಗಿಸಿದಾಗ ತಂತಿ ಪಟ್ಟನೆ ಮುರಿದು ಅವಳ ಹೆಬ್ಬೆರಳಿಗೆ ಚುಚ್ಚಿತು.

"ಕೈಗೇನು ಹುಳ ಬಿದ್ದಿದೆಯೇನೇ, ಲೌಡಿ," ಎಂದು ಧಣಿ ಹಲ್ಲು ಕಚ್ಚಿ ಪಿಸುಗುಟ್ಟಿದ.

ಸುತ್ತಿಗೆ ಸುಮ್ಮನಾದ ಆ ಗಳಿಗೆಯಲ್ಲೇ ಕೆಮ್ಮು ಷೆಡ್ಡಿಗೆಲ್ಲ ಕೇಳಿಸಿತು. ಹೆಂಗಸು ಕತ್ತು ಹೊರಳಿಸಿದಳು. "ಯಾರದು ಒಳಗೆ?"

"ಯಾರೂ ಇಲ್ಲ ಮೇಡಂ, ನಾಯಿ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು," ಎಂದು ಧಣಿ ನಕ್ಕ. ಡ್ರೈವರೂ ಹಲ್ಲು ಕಿರಿದ. ಧಣಿ ಅವಳತ್ತ ತಿರುಗಿದ. "ಅಲ್ವೇನಮ್ಮ? ಹೇಳು ಮೇಡಂಗೆ."

ಸಾಣೆ ಹಿಡಿದಿದ್ದವರೆಲ್ಲ ತಲೆ ತಗ್ಗಿಸಿದರು. ಅವಳ ಕಣ್ಣೆದುರು ಗೇಟು, ಗೇಟಿನಾಚೆ ಸುತ್ತಿಟ್ಟ ಹಾಸಿಗೆ ಬಂದು ನಿಂತವು.

"ಹೌದು ಮೇಡಂ," ಎಂದಳು. "ನಾಯಿ."

ಆ ಮಾತು ಉಗ್ರಾಣದ ಬಾಗಿಲಿನವರೆಗೂ ಹೋಗಿರಬೇಕು. ಒಳಗೆ ಏನೋ ಧೊಪ್ಪನೆ ಬಿತ್ತು. ಕೆಮ್ಮು ನಿಂತಿತು.

ಅವಳು ಹೊಸ ತಂತಿ ತೆಗೆದು ಕಬ್ಬಿಣದ ಮೇಲಿಟ್ಟಳು. ಸುತ್ತಿಗೆ ಎತ್ತಿ ಕಾದಳು. ಹೆಂಗಸು ಮಾಲು ಸಾಗಿಸುವ ಮಾತು, ಪೆಟ್ಟಿಗೆಯ ಮಾತು ಆಡುತ್ತಿದ್ದಳು. ಇವಳಿಗೆ ಒಂದೂ ಕೇಳಿಸಲಿಲ್ಲ, ಮೈಯೆಲ್ಲ ಕಿವಿಯಾಗಿ ಉಗ್ರಾಣದ ಕಡೆಗಿದ್ದಳು. ಇಷ್ಟು ಹೊತ್ತು ಅವನು ಕೆಮ್ಮದೆ ಇದ್ದದ್ದೇ ಇಲ್ಲ. ನಿದ್ದೆಯಲ್ಲೂ ಇಲ್ಲ. ಗೇಟಿನ ಭಯವೆಲ್ಲ ಆ ಮೌನದ ಮುಂದೆ ಏನೂ ಅಲ್ಲವೆನಿಸಿತು. ಕಲ್ಲು ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಎದ್ದಳು.

"ಏ, ಎಲ್ಲಿಗೇ? ಕೂತ್ಕೋ," ಎಂದ ಧಣಿ.

ಅವಳು ನಡೆದೇ ಬಿಟ್ಟಳು. ಉಗ್ರಾಣದ ಬಾಗಿಲ ಮುಂದೆ ನಿಂತು ಸುತ್ತಿಗೆಯಿಂದ ಬೀಗಕ್ಕೆ ಬಡಿದಳು. ತಂತಿ ಬಡಿಯುವ ಪುಟ್ಟ ಸುತ್ತಿಗೆ ಅದು, ಬೀಗ ಅಲುಗಲೂ ಇಲ್ಲ. ಧಣಿ ಓಡಿಬಂದು ಅವಳ ಜಡೆಗೆ ಕೈ ಹಾಕಿ ಹಿಂದಕ್ಕೆಳೆದ.

"ಸಾಯಿಸಿಬಿಡ್ತೀನಿ ನಿನ್ನ. ಹುಚ್ಚು ಹಿಡಿದಿದೆ ಮೇಡಂ ಇವಳಿಗೆ, ನೀವು ಆಚೆ ಬನ್ನಿ."

"ಹುಚ್ಚಲ್ಲ ಮೇಡಂ, ನಾಯಿನೂ ಅಲ್ಲ. ಆ ಕಲ್ಲು ಕಡೆದೋನು ಒಳಗಿದ್ದಾನೆ," ಎಂದಳು. ಕತ್ತು ಹಿಂದಕ್ಕೆ ಬಾಗಿದ್ದರೂ ಕೈ ಚಾಚಿ ಬೀಗಕ್ಕೆ ಇನ್ನೊಂದು ಏಟು ಹಾಕಿದಳು. ಅಷ್ಟರಲ್ಲಿ ಒಬ್ಬೊಬ್ಬರಾಗಿ ಸಾಣೆ ನಿಲ್ಲಿಸಿದ್ದರು. ಯಾರೂ ಎದ್ದಿರಲಿಲ್ಲ. ಅವಳು ಜಡೆ ಕೊಸರಿಕೊಂಡು ಬಾಗಿಲ ಹಲಗೆಗೆ ಬಾಯಿ ಹಚ್ಚಿ ಕೂಗಿದಳು.

"ರೀ, ಕೆಮ್ಮಿ ರೀ. ಒಂದೇ ಒಂದ್ಸಲ ಕೆಮ್ಮಿ. ಎಲ್ಲರಿಗೂ ಕೇಳಿಸ್ಲಿ, ಜೋರಾಗಿ ಕೆಮ್ಮಿ."