ಡಿಂಪ್ನಾ ತಿಂದ ನಾಲ್ಕು ನಿಮಿಷ

ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಐರ್ಲೆಂಡಿನ ಡ್ರಮ್‌ಕೀಲಿನಲ್ಲಿ ಯಾರಿಗೂ ಫೋನು ಮಾಡಬಾರದು. ಮಾಡಿದರೂ ಎತ್ತುವುದಿಲ್ಲ, ಎತ್ತಿದರೆ ‘ಸುಮ್ನಿರಿ, ಸತ್ತವರು ಬರೋ ಹೊತ್ತು’ ಎಂದು ಇಟ್ಟುಬಿಡುತ್ತಾರೆ. ಅದು ರೇಡಿಯೊದಲ್ಲಿ ನಿಧನವಾರ್ತೆ ಓದುವ ಸಮಯ. ಯಾರು ಹೋದರು, ದೇಹ ಎಲ್ಲಿಟ್ಟಿದ್ದಾರೆ, ಮಣ್ಣು ಎಷ್ಟು ಗಂಟೆಗೆ, ಇಷ್ಟೇ. ಕಟುಕನ ಅಂಗಡಿಯಲ್ಲಿ ಕತ್ತಿ ನಿಲ್ಲುತ್ತದೆ, ಅಂಚೆ ಕಚೇರಿಯಲ್ಲಿ ಠಸ್ಸೆ ನಿಲ್ಲುತ್ತದೆ. ಹೆಸರು ಕೇಳಿದ ಮೇಲೆ ಜನ ಕಪ್ಪು ಕೋಟು ಹುಡುಕುತ್ತಾರೆ. ಸತ್ತವನ ಮುಖ ನೋಡಿರಬೇಕೆಂದೇನೂ ಇಲ್ಲ, ಅವನ ಸೋದರಮಾವನಿಂದ ಒಮ್ಮೆ ಹಸು ಕೊಂಡಿದ್ದರೆ ಸಾಕು, ಹೋಗಿ ಕೈಕುಲುಕಿ ಬರುತ್ತಾರೆ. ಇನ್ನೂರು ಜನ ಸೇರದ ಮಣ್ಣನ್ನು ಅಲ್ಲಿ ಮಣ್ಣು ಎನ್ನುವುದೇ ಇಲ್ಲ.

ಈ ಹೆಸರುಗಳನ್ನು ಐದು ವರ್ಷದಿಂದ ಓದುತ್ತಿದ್ದವಳು ಓರ್ಲಾ ಕೆವೆನಿ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವಳು ಡಿಂಪ್ನಾ ಆಗಿದ್ದಳು. ಭಾನುವಾರ ಸಂಜೆಯ ಟೀವಿ ಧಾರಾವಾಹಿಯ ಡಿಂಪ್ನಾ ಎಂದರೆ ಐರ್ಲೆಂಡಿನಲ್ಲಿ ಗೊತ್ತಿಲ್ಲದವರಿಲ್ಲ. ಹಳ್ಳಿಯ ಪಬ್ಬಿನ ಒಡತಿ, ನಾಲಿಗೆ ಹರಿತ, ಇಬ್ಬರು ಗಂಡಂದಿರನ್ನು ನೀರು ಕುಡಿಸಿದವಳು. ಓರ್ಲಾ ತರಕಾರಿ ತರಲು ಹೋದರೂ ಯಾರಾದರೂ ಅಡ್ಡಗಟ್ಟಿ, ‘ಪಾಪ, ಆ ಮೊದಲನೇ ಗಂಡನಿಗೆ ಹಾಗೆ ಮಾಡಬಾರದಿತ್ತು ಕಣಮ್ಮಾ’ ಎಂದು ಬುದ್ಧಿ ಹೇಳುತ್ತಿದ್ದರು. ಹದಿನಾಲ್ಕನೇ ವರ್ಷ, ಚಹಾದ ಬಿಡುವಿನಲ್ಲಿ ಕೈಗೆ ಬಂದ ಸಂಭಾಷಣೆಯ ಹಾಳೆಗಳನ್ನು ಮಗುಚುತ್ತಾ ಹೋದಾಗ, ಮೂವತ್ತೊಂದನೇ ಪುಟದಲ್ಲಿ ಡಿಂಪ್ನಾ ಕೋಟಿನ ಜೇಬಿಗೆ ಕಲ್ಲು ತುಂಬಿಕೊಂಡು ಸರೋವರಕ್ಕೆ ಇಳಿದಿದ್ದಳು. ಮೂವತ್ತೆರಡನೇ ಪುಟದಲ್ಲಿ ಅವಳಿರಲಿಲ್ಲ. ಯಾರೂ ಒಂದು ಮಾತು ಮುಂಚಿತವಾಗಿ ಹೇಳಿರಲಿಲ್ಲ. ಓರ್ಲಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವಳು ಅದು ಕರಗಿ ತಳ ಸೇರುವವರೆಗೂ ಹಾಗೇ ಕೂತಿದ್ದಳು.

ದೇಶ ಅತ್ತಿತು. ಹುಟ್ಟೇ ಇಲ್ಲದ ಹೆಂಗಸಿನ ಆತ್ಮಶಾಂತಿಗಾಗಿ ಜನ ಚರ್ಚುಗಳಲ್ಲಿ ಪೂಜೆ ಹೇಳಿಸಿ, ಪಾದ್ರಿಯ ಸಹಿ ಹಾಕಿಸಿದ ಕಾರ್ಡುಗಳನ್ನು ಮೂಟೆಗಟ್ಟಲೆ ಟೀವಿಯವರಿಗೆ ಕಳಿಸಿದರು. ಬದುಕಿದ್ದ ಓರ್ಲಾಳನ್ನು ಮಾತ್ರ ಯಾರೂ ಕೇಳಲಿಲ್ಲ. ‘ನೀನು ಸತ್ತದ್ದನ್ನು ಎಲ್ಲರೂ ನೋಡಿದ್ದಾರೆ, ಇನ್ನೊಂದು ಪಾತ್ರದಲ್ಲಿ ನಂಬೋದು ಹೇಗೆ’ ಎಂದು ಮೂರು ವರ್ಷ ನಿರ್ಮಾಪಕರೆಲ್ಲ ಕೈತೊಳೆದುಕೊಂಡರು. ಕೊನೆಗೆ ಡ್ರಮ್‌ಕೀಲಿನ ರೇಡಿಯೊದ ಮ್ಯಾನೇಜರ್ ಡೆಕ್ಲನ್ ಅವಳನ್ನು ಕರೆದು ಬೆಳಗಿನ ಕಾರ್ಯಕ್ರಮ ಕೊಟ್ಟ. ಸತ್ತವಳ ಬಾಯಲ್ಲಿ ಸತ್ತವರ ಹೆಸರೇ ಎಂದು ಮೊದಲು ಪತ್ರಗಳು ಬಂದವು. ವರ್ಷ ಕಳೆಯುವಷ್ಟರಲ್ಲಿ ಜನ, ‘ನನ್ನದನ್ನೂ ನೀನೇ ಓದಬೇಕು ಕಣೇ’ ಎಂದು ಬೀದಿಯಲ್ಲಿ ಹಿಡಿದು ಹೇಳತೊಡಗಿದರು. ಅವಳು ಪ್ರತಿ ಹೆಸರಿನ ನಂತರ ಒಂದು ಉಸಿರಿನಷ್ಟು ಸುಮ್ಮನಿರುತ್ತಿದ್ದಳು. ಆ ಕೆಲಸವನ್ನು ಅವಳು ತುಂಬ ಪ್ರೀತಿಸುತ್ತಿದ್ದಳು, ಡಿಂಪ್ನಾಳಿಗಿಂತಲೂ ಹೆಚ್ಚು.

ಅವಳಿಗೊಂದು ಅಭ್ಯಾಸವಿತ್ತು. ಬೇರೆಯವರು ಹೆಸರು ಓದಿ ಮುಗಿಸಿದ ಮೇಲೆ ಹಾಳೆಯ ಅಂಚಿಗೆ ಗುರುತು ಹಾಕುತ್ತಿದ್ದರು. ಹಾಗೆ ಗುರುತು ಬಿದ್ದ ಹಾಳೆ ಮೊಳೆಗೆ ಚುಚ್ಚಿಕೊಂಡಿತೆಂದರೆ ಸಂಜೆ ಉಳಿದ ಹೆಸರುಗಳನ್ನು ಓದುವವನು ಅದನ್ನು ಮುಟ್ಟುವುದಿಲ್ಲ. ಓರ್ಲಾ ಮಾತ್ರ ನಾಟಕದವಳು. ಮಾತು ಬಾಯಿಪಾಠವಾದೊಡನೆ ಗುರುತು ಹಾಕುವುದು ಅವಳ ಹಳೆಯ ರೂಢಿ. ಹೆಸರುಗಳ ಉಚ್ಚಾರ ಸರಿಯಾಗಿದೆಯೇ ಎಂದು ಒಂಬತ್ತಕ್ಕೆ ಮುಂಚೆಯೇ ಮೆಲ್ಲಗೆ ಹೇಳಿಕೊಂಡು, ಎಲ್ಲಕ್ಕೂ ಗುರುತು ಹಾಕಿಬಿಡುತ್ತಿದ್ದಳು.

ತೊಂಬತ್ತೇಳರ ಫೆಬ್ರವರಿಯ ಒಂದು ಮಂಗಳವಾರ ಡಿಂಪ್ನಾ ಮುಳುಗಿ ಎಂಟು ವರ್ಷ. ಡೆಕ್ಲನ್ ಅವಳಿಗೆ ಹೇಳದೆ, ಧಾರಾವಾಹಿಯಲ್ಲಿ ಅವಳ ಎರಡನೇ ಗಂಡನಾಗಿದ್ದ ನಟನನ್ನು ಫೋನಿನಲ್ಲಿ ಹಿಡಿದಿಟ್ಟಿದ್ದ. ಓರ್ಲಾಳಿಗೆ ಖುಷಿಯಾಯಿತು. ಆ ಖುಷಿಯನ್ನು ಅವಳು ಆಮೇಲೆ ಎಷ್ಟು ಸಲ ಶಪಿಸಿದಳೋ. ಇಬ್ಬರೂ ಹಳೆಯದನ್ನೆಲ್ಲ ಕೆದಕಿ ನಕ್ಕರು, ಕೇಳುಗರು ನಕ್ಕರು, ದಿನವೆಲ್ಲ ಜನ ಫೋನು ಮಾಡಿ ಹೊಗಳಿದರು. ಅಂದು ಅವಳು ಮನೆಗೆ ಹೋಗುವಾಗ ಕಾರಿನಲ್ಲಿ ಹಾಡಿಕೊಳ್ಳುತ್ತಿದ್ದಳು.

ಮರುದಿನ ಮಧ್ಯಾಹ್ನ ಬಾರ್ಟ್ಲಿ ನೀರಿ ರೇಡಿಯೊ ಕಚೇರಿಗೆ ಬಂದ. ಸುತ್ತಲಿನ ಏಳು ಹಳ್ಳಿಯ ಹೆಣಗಳನ್ನು ಮಣ್ಣಿಗೆ ಮುಟ್ಟಿಸುವುದು ಅವನ ಮನೆತನದ ಕೆಲಸ. ಯಾವತ್ತೂ ಫೋನಿನಲ್ಲೇ ಮಾತು ಮುಗಿಸುವವನು. ಇವತ್ತು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಹೆಗಲಿನ ಮೇಲೆ ಕೋಟು ಜಗ್ಗಿ ಹೋಗಿತ್ತು.

“ಓರ್ಲಾ, ನಿನ್ನೆ ಫಿಂಟನ್ ಗಿಲ್ಡೇ ಹೆಸರು ಓದಿದ್ಯೇನಮ್ಮಾ?”

“ಓದಿದೀನಲ್ಲ. ಗೋರ್ತಮೋರಿನವರು. ಇವತ್ತು ಹನ್ನೊಂದಕ್ಕೆ ಮಣ್ಣು ಅಂತ ಇತ್ತು. ಯಾಕೆ?”

“ಯಾರೂ ಬರ್ಲಿಲ್ಲ.”

“ಯಾರೂ ಅಂದ್ರೆ?”

“ಯಾರೂ ಅಂದ್ರೆ ಯಾರೂ. ಅವನ ತಂಗಿ ನೋನಿ, ಪಾದ್ರಿ, ನಾನು, ಚರ್ಚಿನ ಗಂಟೆ ಹೊಡೆಯೋನು, ಗುಂಡಿ ತೋಡಿದವನು. ಪೆಟ್ಟಿಗೆ ಹೊರೋಕೆ ಆರು ಹೆಗಲು ಬೇಕು ತಾಯಿ. ಪಾದ್ರಿಗಳೂ ಸೇರಿ ನಾಲ್ಕಾಯ್ತು. ಐದನೇ ಹೆಗಲು ನೋನಿ ಕೊಟ್ಳು. ಎಪ್ಪತ್ತೊಂದು ವರ್ಷ ಆಕೆಗೆ. ನಾನು ಬೇಡ ಅಂದೆ, ಕೇಳ್ಲಿಲ್ಲ.”

ಓರ್ಲಾ ಮೊಳೆಯಿಂದ ಮಂಗಳವಾರದ ಹಾಳೆ ಕಿತ್ತು ತಂದಳು. ಆರು ಹೆಸರು, ಆರು ಗುರುತು. ಆರನೆಯದು ಫಿಂಟನ್ ಗಿಲ್ಡೇ. ಮೊದಲು ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದವರು, ಸೋಮವಾರ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡರು. “ನೋಡಿ, ಗುರುತಿದೆ,” ಎಂದಳು. ಹೇಳುವಾಗಲೇ ಅವಳಿಗೆ ಹೊಳೆಯಿತು, ಆ ಗುರುತು ಹಾಕುವಾಗ ಅವಳ ಮುಂದೆ ಮೈಕು ಇರಲಿಲ್ಲ, ಚಹಾ ಇತ್ತು.

ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಟೇಪಿನಲ್ಲಿ ಇಟ್ಟಿರಬೇಕೆಂಬುದು ಕಾನೂನು. ಡೆಕ್ಲನ್ ಟೇಪು ಹಾಕಿದ. ಮೂವರೂ ನಿಂತೇ ಕೇಳಿದರು. ಅವಳದೇ ನಗು ಕೋಣೆ ತುಂಬ ಹರಡಿತು. ‘ಫೆಬ್ರವರಿ ನೀರು ಮಾರಾಯ, ಆರು ಸಲ ಮುಳುಗಿಸಿದ್ರು, ಜೇಬಲ್ಲಿದ್ದದ್ದು ರಬ್ಬರಿನ ಕಲ್ಲು, ನಾನು ಮುಳುಗಬೇಕಾದ ಕಡೆಯೆಲ್ಲ ತೇಲ್ತಿದ್ದೆ.’ ಒಂಬತ್ತು ಗಂಟೆ ಹತ್ತು ನಿಮಿಷವಾಯಿತು. ಹನ್ನೊಂದಾಯಿತು, ಹನ್ನೆರಡಾಯಿತು. ಟೇಪಿನ ಓರ್ಲಾ ಇನ್ನೂ ತೇಲುತ್ತಲೇ ಇದ್ದಳು. ಒಂಬತ್ತು ಹದಿನಾಲ್ಕಕ್ಕೆ, ‘ಅಯ್ಯೋ, ಹೊತ್ತು ಹೋಯ್ತು’ ಎಂದು ಧ್ವನಿ ತಗ್ಗಿಸಿ ಹೆಸರುಗಳನ್ನು ತೆಗೆದುಕೊಂಡಳು. ಒಂದು, ಎರಡು, ಮೂರು. ಪ್ರತಿಯೊಂದಕ್ಕೂ ಆ ಒಂದು ಉಸಿರಿನ ಮೌನ, ಅದಕ್ಕೇನೂ ಕೊರತೆಯಿಲ್ಲ. ನಾಲ್ಕು. ಐದು. ಆಮೇಲೆ ನಿಗದಿತ ಹೊತ್ತಿಗೆ ಡಬ್ಲಿನ್ನಿನ ಸುದ್ದಿಯ ಸಂಗೀತ ತಾನಾಗಿಯೇ ಬಂದು ಎಲ್ಲವನ್ನೂ ಮುಚ್ಚಿತು. ಸುದ್ದಿ ಮುಗಿದ ಮೇಲೆ ಓದುತ್ತೇನೆ ಎಂದುಕೊಂಡದ್ದು ಅವಳಿಗೆ ಈಗ ನೆನಪಾಯಿತು. ಸುದ್ದಿ ಮುಗಿದಾಗ ಡಿಂಪ್ನಾಳ ಬಗ್ಗೆ ಮಾತಾಡಲು ಹತ್ತೊಂಬತ್ತು ಜನ ಫೋನಿನಲ್ಲಿ ಕಾಯುತ್ತಿದ್ದರು.

ಇಲ್ಲದ ಹೆಂಗಸೊಬ್ಬಳು ಇದ್ದ ಮನುಷ್ಯನೊಬ್ಬನ ನಾಲ್ಕು ನಿಮಿಷವನ್ನು ನುಂಗಿಬಿಟ್ಟಿದ್ದಳು. ಓರ್ಲಾ ಕುರ್ಚಿಗಾಗಿ ಕೈ ಚಾಚಿದಳು, ಅದು ಸಿಗಲಿಲ್ಲ, ನೆಲದ ಮೇಲೇ ಕೂತಳು. ಅವಳಿಗೆ ಅಳು ಬರಲಿಲ್ಲ. ಐದನೇ ಹೆಗಲು, ಐದನೇ ಹೆಗಲು ಎಂದು ತಲೆಯೊಳಗೆ ಅದೊಂದೇ ಸುತ್ತುತ್ತಿತ್ತು.

“ನೋನಿಗೆ ಗೊತ್ತಾ?” ಡೆಕ್ಲನ್ ಕೇಳಿದ.

“ಇಲ್ಲ,” ಎಂದ ಬಾರ್ಟ್ಲಿ. “ಓದಿದಾರೆ ಅಂತಲೇ ಅಂದ್ಕೊಂಡಿದಾಳೆ. ನನಗೂ ಖಾತ್ರಿ ಇರ್ಲಿಲ್ವಲ್ಲ, ಏನೂ ಹೇಳ್ಲಿಲ್ಲ.”

“ಹೇಳೋದೂ ಬೇಡ.” ಡೆಕ್ಲನ್ ಬಾಗಿಲು ಮುಚ್ಚಿದ. ಕೆಟ್ಟವನಲ್ಲ, ಹೆದರಿದವನು. “ಕೇಳು ಓರ್ಲಾ. ನಮ್ಮ ರೇಡಿಯೊ ನಿಂತಿರೋದೇ ಸತ್ತವರ ಮೇಲೆ. ಒಂದು ಹೆಸರು ಬಿಟ್ಟರು ಅಂತ ಊರಿಗೆ ಗೊತ್ತಾದ್ರೆ ನಾಳೆಯಿಂದ ಯಾರು ನಂಬ್ತಾರೆ? ಹೂ ತಗೊಂಡು ಹೋಗು, ಕೈ ಹಿಡಿ, ಸಮಾಧಾನ ಹೇಳು. ನೀನು ಹೋದ್ರೇ ಆಕೆಗೆ ದೊಡ್ಡದು. ಬೇರೆ ಏನಾದ್ರೂ ಬಾಯಿಬಿಟ್ಟರೆ ನಿನ್ನನ್ನ ಆ ಮೈಕಿನ ಮುಂದೆ ಕೂರಿಸೋದು ನನ್ನ ಕೈಲಿರಲ್ಲ. ಮೇಲಿನವರು ಬಿಡಲ್ಲ.”

ಓರ್ಲಾ ನೆಲದಿಂದ ಎದ್ದು ಕಾರಿನ ಕೀಲಿ ಎತ್ತಿಕೊಂಡಳು. ಐವತ್ತಮೂರನೇ ವಯಸ್ಸಿನಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗೋರ್ತಮೋರಿನ ರಸ್ತೆ ಜವುಗು ನೆಲದ ನಡುವೆ ಹೋಗಿ ಗಿಲ್ಡೇಗಳ ಅಂಗಳದಲ್ಲೇ ಮುಗಿಯುತ್ತದೆ. ಆ ಕೊನೆಯ ಮೈಲಿಯಲ್ಲಿ ಬೇರೆ ಮನೆಯಿಲ್ಲ, ಫೋನಿನ ತಂತಿಯೂ ಇಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಹೊಲಿಗೆಯಂತ್ರದ ಮೇಲೆ ಎಲ್ಲೆಲ್ಲೂ ಸ್ಯಾಂಡ್‌ವಿಚ್ಚಿನ ತಟ್ಟೆಗಳು. ಹಂದಿಮಾಂಸದ್ದು, ಮೊಟ್ಟೆ-ಈರುಳ್ಳಿಯದು, ಒದ್ದೆ ಬಟ್ಟೆ ಹೊದಿಸಿಟ್ಟದ್ದು. ಎಂಬತ್ತು ಜನಕ್ಕೆ ಮಾಡಿದ್ದಿರಬೇಕು. ಚರ್ಚಿನಿಂದ ಎರವಲು ತಂದ ಕಪ್ಪುಗಳನ್ನು ಸಾಲಾಗಿ ಬೋರಲು ಹಾಕಲಾಗಿತ್ತು. ಒಲೆಯ ಪಕ್ಕದಲ್ಲಿ ಕಪ್ಪು ಉಡುಪಿನ ಸಣ್ಣ ಹೆಂಗಸು ಬಲಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದಳು. ಓರ್ಲಾಳನ್ನು ಕಂಡು ಎದ್ದು ನಿಂತಳು.

“ಅಯ್ಯೋ, ಡಿಂಪ್ನಾ. ಅಲ್ಲಲ್ಲ, ಓರ್ಲಾ. ನೀನು ನನ್ನ ಮನೆಗೆ ಬರೋದು ಅಂದ್ರೆ. ಕೂತ್ಕೋ ಮಗಾ. ತಿನ್ನು. ತಿನ್ನೋರಿಲ್ದೆ ಹೀಗೆ ಬಿದ್ದಿದೆ ನೋಡು.”

“ನೋನಿ ಅವರೇ, ನಿಮ್ಮ ಅಣ್ಣನ ವಿಷಯ ತುಂಬ...”

“ಹೂಂ. ಹೋದ.” ನೋನಿ ಚಹಾ ಬಗ್ಗಿಸಿದಳು, ಎಡಗೈಯಲ್ಲಿ. “ನಲವತ್ತು ವರ್ಷ ಕವೆಂಟ್ರಿಯಲ್ಲಿ ಕಾರಿನ ಕಾರ್ಖಾನೆ. ಎರಡು ವರ್ಷದ ಹಿಂದೆ ಬಂದ. ಹುಡುಗನಾಗಿದ್ದಾಗ ನಮ್ಮ ಜಿಲ್ಲೆಗೆ ಫುಟ್ಬಾಲ್ ಆಡಿದೋನು ಗೊತ್ತಾ? ಆ ತಂಡದವರೇ ಇನ್ನೂ ಏಳೆಂಟು ಜನ ಇದಾರೆ. ಅವರಾದ್ರೂ ಬರ್ತಾರೆ ಅಂದ್ಕೊಂಡಿದ್ದೆ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ, ನೋನಿ, ನಾನು ಊರು ಬಿಟ್ಟುಹೋದವನು, ನನಗೆ ಯಾರು ಬರ್ತಾರೆ ಅಂತ. ನಾನು ಬೈದೆ. ರೇಡಿಯೊದಲ್ಲಿ ಹೆಸರು ಬಂದ್ಮೇಲೆ ನೋಡ್ತಿರು, ರಸ್ತೆ ತುಂಬ ಕಾರು ಅಂದೆ.”

ಓರ್ಲಾ ಸ್ಯಾಂಡ್‌ವಿಚ್ಚನ್ನು ಎರಡು ತುಂಡು ಮಾಡಿದಳು, ತಿನ್ನಲಿಲ್ಲ.

“ಅವನೇ ಸರಿ, ನಾನೇ ತಪ್ಪು,” ಎಂದಳು ನೋನಿ. “ಹೆಸರು ಕೇಳಿದಾರೆ, ಯಾರೋ ಏನೋ ಅಂತ ಸುಮ್ನಾಗಿದಾರೆ. ಹೋಗ್ಲಿ ಬಿಡು. ನಿನಗೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನೆ ನಾನು ರೇಡಿಯೊ ಹಾಕಿದ್ದೆ, ಅವನ ಹೆಸರು ಕೇಳಬೇಕು ಅಂತಲೇ. ನೀನು ಆ ರಬ್ಬರ್ ಕಲ್ಲಿನ ಕತೆ ಹೇಳ್ತಿದ್ದೆ. ನಾನು ನಕ್ಕುಬಿಟ್ಟೆ. ಸೋಮವಾರದಿಂದ ಅದೇ ಮೊದಲು ನಕ್ಕಿದ್ದು. ಆ ನಗುವಲ್ಲೇ ಇದ್ದೆನೋ ಏನೋ, ಅವನ ಹೆಸರು ಕಿವಿಗೆ ಬೀಳ್ಲೇ ಇಲ್ಲ. ಒಡಹುಟ್ಟಿದವನ ಹೆಸರು ಹೇಳುವಾಗ ನಗ್ತಾ ಕೂತಿದ್ದೆ ನೋಡು. ನಾನೇ ಕೇಳಿಸ್ಕೊಳ್ಳಲಿಲ್ಲ ಅಂದ್ಮೇಲೆ ಊರಿನವರನ್ನ ಏನು ಅನ್ನೋದು. ಅದಕ್ಕೇ ಪೆಟ್ಟಿಗೆಗೆ ಹೆಗಲು ಕೊಟ್ಟೆ.”

ಓರ್ಲಾ ಕಪ್ಪನ್ನು ಕೆಳಗಿಟ್ಟಳು. ದಾರಿಯಲ್ಲಿ ಕೊಂಡ ಹೂಗುಚ್ಛ ಇನ್ನೂ ಅವಳ ಮಡಿಲಿನಲ್ಲೇ ಇತ್ತು, ಕೊಟ್ಟಿರಲಿಲ್ಲ. ಸುಮ್ಮನೆ ಈಕೆಯ ಕೈ ಹಿಡಿದು ಎದ್ದು ಹೋದರೆ ನಾಳೆ ಒಂಬತ್ತು ಹತ್ತಕ್ಕೆ ತಾನು ಅದೇ ಕುರ್ಚಿಯಲ್ಲಿರುತ್ತೇನೆ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

“ನಿಮ್ಮ ಕಿವಿ ತಪ್ಪಲಿಲ್ಲ,” ಎಂದಳು. “ನಾನು ಓದ್ಲೇ ಇಲ್ಲ.”

ನೋನಿ ಅವಳ ಮುಖ ನೋಡಿದಳು.

“ಐದು ಹೆಸರು ಓದಿದೆ. ಅವರದು ಆರನೆಯದು. ಆ ಹಾಳು ಕತೆ ಹೇಳ್ತಾ ಹೊತ್ತು ಮೀರಿಸಿದೆ. ಸಂಜೆನೂ ಯಾರೂ ಓದ್ಲಿಲ್ಲ, ಅದಕ್ಕೂ ನಾನೇ ಕಾರಣ. ಯಾರಿಗೂ ಸುದ್ದಿನೇ ಹೋಗಿಲ್ಲ ನೋನಿ ಅವರೇ.”

ನೋನಿಯ ಕೈಯಿಂದ ಬಿಸಿನೀರಿನ ಚೀಲ ಜಾರಿ ನೆಲಕ್ಕೆ ಬಿತ್ತು. ಅದನ್ನು ಇಬ್ಬರೂ ಎತ್ತಲಿಲ್ಲ. ಈಗ ಬೈಗುಳ ಬರುತ್ತದೆ, ಬರಲಿ, ಎಂದು ಓರ್ಲಾ ತಲೆ ತಗ್ಗಿಸಿ ಕಾದಳು.

“ಇನ್ನೊಂದ್ಸಲ ಹೇಳು.”

“ನಾನು ಓದ್ಲಿಲ್ಲ.”

“ಅದಲ್ಲ. ಕೊನೇದು.”

“ಯಾರಿಗೂ ಸುದ್ದಿ ಹೋಗಿಲ್ಲ.”

“ಹಾಗಾದ್ರೆ ಅವರಿಗೆ ಗೊತ್ತೇ ಇರ್ಲಿಲ್ಲ,” ಎಂದಳು ನೋನಿ, ತನಗೇ ಎಂಬಂತೆ. “ಗೊತ್ತಿದ್ದೂ ಬರದೆ ಇದ್ದಿದ್ದಲ್ಲ. ಗೊತ್ತಿರ್ಲಿಲ್ಲ.” ಅವಳು ಎರಡು ಕೈಯಲ್ಲಿ ಓರ್ಲಾಳ ಕೈಗಳನ್ನು ಹಿಡಿದುಕೊಂಡಳು. “ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಿ ಕಣೇ. ನೀನು ಬಂದು ಹೇಳದೆ ಇದ್ದಿದ್ರೆ ಅವನನ್ನ ಯಾರಿಗೂ ಬೇಡದವನು ಅಂತಲೇ ಅಂದ್ಕೊಂಡು ಸಾಯ್ತಿದ್ದೆ.”

ಬೈದಿದ್ದರೆ ಓರ್ಲಾ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಟೇಪು ಕೇಳಿದಾಗ ಬಾರದ ಅಳು ಈಗ ಒತ್ತಿಕೊಂಡು ಬಂತು. ನೋನಿ ಅವಳು ಅತ್ತು ಮುಗಿಸುವವರೆಗೆ ಕಾದಳು, ಆಮೇಲೆ ಕೈ ಬಿಟ್ಟಳು. ಬಿಟ್ಟಾಗ ಅವಳ ಮುಖ ಬೇರೆಯಾಗಿತ್ತು. ಉಪಕಾರ ತೀರಿತು, ಇನ್ನು ಉಳಿದ ವ್ಯವಹಾರ ಬೇರೆ ಎಂಬ ಹಾಗೆ ಬೆನ್ನು ನೆಟ್ಟಗಾಯಿತು.

“ಈಗ ನನಗೆ ಹೇಳಿದೆಯಲ್ಲ, ಹೀಗೇ ನಾಳೆ ರೇಡಿಯೊದಲ್ಲಿ ಹೇಳು. ಯಾರೋ ತಪ್ಪು ಮಾಡಿದರು ಅಂತ ಅಲ್ಲ. ನಾನು ಬಿಟ್ಟೆ, ಅವರಿಗೆ ಗೊತ್ತಾಗ್ಲಿಲ್ಲ ಅಂತ. ಆ ಫುಟ್ಬಾಲಿನವರು ನನ್ನ ಮುಖ ನೋಡೋಕೆ ನಾಚಬಾರದು, ನಾನೂ ಅವರನ್ನ ಬೈಕೊಂಡು ತಿರುಗಬಾರದು.”

“ಹೇಳ್ತೀನಿ,” ಎಂದಳು ಓರ್ಲಾ. ಹೂಗುಚ್ಛವನ್ನು ಮೇಜಿನ ಮೇಲಿಟ್ಟು, “ಹೇಳಿದ್ರೆ ನನ್ನನ್ನ ಕೆಲಸದಿಂದ ತೆಗೀತಾರೆ,” ಎಂದಳು. ದೂರಲು ಹೇಳಿದ್ದಲ್ಲ, ಯಾರಿಗಾದರೂ ಹೇಳಬೇಕಿತ್ತು ಅಷ್ಟೆ.

ನೋನಿ ನೆಲದ ಮೇಲಿದ್ದ ಬಿಸಿನೀರಿನ ಚೀಲವನ್ನು ಎತ್ತಿ ಒಲೆಯ ಪಕ್ಕಕ್ಕಿಟ್ಟಳು.

“ತೆಗೀತಾರೆ,” ಎಂದು ಒಪ್ಪಿಕೊಂಡು, ಇನ್ನೊಂದು ತಟ್ಟೆಯ ಒದ್ದೆ ಬಟ್ಟೆ ಸರಿಸಿ ಅವಳ ಮುಂದಕ್ಕೆ ತಳ್ಳಿದಳು. “ತಿನ್ನು.”