ಫ್ರೆಂಚ್ ಮೇಷ್ಟ್ರನ್ನು ಇಳಿಸಿದ್ದು

“ಬೀರು ಬಾಗಿಲು ಮುಟ್ಟಿದ್ರೆ ಕೈ ಮುರೀತೀನಿ!” ಎಂದು ಮೇಷ್ಟ್ರ ಮಗಳು ಕ್ಷೌರದವನ ಕೈಗೆ ಫಟಾರನೆ ಒಂದು ಬಿಟ್ಟಳು. ಆ ಸದ್ದಿಗೆ ಎದುರು ಕಟ್ಟಡದ ಪಾರಿವಾಳಗಳೆಲ್ಲ ಊರನ್ನೇ ಬಿಟ್ಟುಹೋದವು. “ಮೊದಲು ಅಪ್ಪನ್ನ ಕೆಳಗಿಳಿಸಿ. ನಿಮ್ಮ ಸಾಮಾನು ಆಮೇಲೆ.”

“ಮೊದಲು ನನ್ನ ಕೊಡೆ ಕೊಡಮ್ಮ. ಸ್ಕೂಲು ಬಿಟ್ಟಾಗಿಂದ ನೆನೀತಾನೇ ಇದ್ದೀನಿ,” ಎಂದ ಕ್ಷೌರದವ.

“ನನ್ನ ವಾಚು,” ಎಂದರು ಹಲ್ಲಿನ ಡಾಕ್ಟರು. “ಅದು ಹೋಯ್ತು ಅಂತ ನಮ್ಮಪ್ಪ ಬೆಲ್ಟು ಹರಿಯೋವರೆಗೂ ಬಾರಿಸಿದ್ರು.”

ಬೇಕರಿಯ ಅಣ್ಣತಮ್ಮಂದಿರಿಬ್ಬರು ನಡುಮನೆಯಲ್ಲಿದ್ದ ಶವಪೆಟ್ಟಿಗೆಯನ್ನು ಅದರ ಮೊಳೆಗಳೇ ಕಾದು ಕೆಂಪಾಗುವಂತೆ ದುರುಗುಟ್ಟಿ ನೋಡುತ್ತಿದ್ದರು.

ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲುಗಳೋ, ಇರುವೆ ಕೂಡ ಉಸಿರು ಬಿಗಿಹಿಡಿದು ಹತ್ತಬೇಕು, ಅಷ್ಟು ಇಕ್ಕಟ್ಟು. ಕೆಳಗೆ ಶವದ ವ್ಯಾನಿನವನು, ಇನ್ನೊಂದು ಸಾವಿಗೆ ಹೋಗಬೇಕೆಂದು ಬಡಾವಣೆಯೇ ಕಿವುಡಾಗುವಂತೆ ಹಾರ್ನ್ ಹೊಡೆಯುತ್ತಿದ್ದ. ಇಷ್ಟು ದೊಡ್ಡ ಊರಿನಲ್ಲಿ ಬಂದಿದ್ದ ಗಂಡಸರು ಈ ನಾಲ್ವರು ಹಳೆಯ ಶಿಷ್ಯರೇ.

“ಇವರೂ ಅಳೋಕೆ ಬಂದಿಲ್ಲ, ದೋಚೋಕೆ ಬಂದಿದ್ದಾರೆ,” ಎಂದಳು ಸೋದರತ್ತೆ. “ನಮ್ಮಣ್ಣ ಸಂಪಾದಿಸಿದ್ದು ಇಷ್ಟೇ ಕಣೇ.”

*

ಮೇಷ್ಟ್ರ ಪಾಠವೆಂದರೆ ಹಗಲು ದರೋಡೆ. ಹುಡುಗನ ಕೈಯಲ್ಲಿದ್ದುದನ್ನು ಕಸಿದು, ಎತ್ತಿ ಹಿಡಿದು, ಫ್ರೆಂಚಿನಲ್ಲಿ ಗುಡುಗುವರು: “ಕೊಡೆ ಕಾಣುತ್ತಿದೆಯೇ?” ಉತ್ತರದಲ್ಲಿ ಮತ್ತೆ ಕೊಡೆಯ ಹೆಸರೆತ್ತುವಂತಿಲ್ಲ, ‘ಅದನ್ನು’ ಎನ್ನಬೇಕು, ಕ್ರಿಯಾಪದಕ್ಕಿಂತ ಮೊದಲೇ ಎನ್ನಬೇಕು. ಫ್ರೆಂಚರಿಗೆ ಕೊಡೆ ಗಂಡು, ಅದಕ್ಕೆ ‘ಜ಼ ಲ ವ್ವಾ, ಮೆಸ್ಯೋ’, ಎಂದರೆ ‘ಅದನ್ನು ನೋಡುತ್ತಿದ್ದೇನೆ, ಸಾರ್’. ವಾಚು ಹೆಣ್ಣು, ಅದಕ್ಕೆ ‘ಜ಼ ಲಾ ವ್ವಾ’. ಹುಡುಗರು ಇಂಗ್ಲಿಷಿನ ಚಾಳಿಗೆ ಬಿದ್ದು ಈ ‘ಅದನ್ನು’ ಎಂಬುದನ್ನು ಬಾಲದಂತೆ ಕೊನೆಗೆ ಅಂಟಿಸುವರು.

“ಕತ್ತೆಗಳಾ! ಮನೇಲಿ ‘ಅದನ್ನ ನೋಡ್ದೆ’ ಅಂತೀರೋ, ‘ನೋಡ್ದೆ ಅದನ್ನ’ ಅಂತೀರೋ? ಗೊತ್ತಿರೋದನ್ನೇ ಕೇಳಿದ್ರೂ ಗೊತ್ತಿಲ್ಲ ನಿಮಗೆ!”

ತಪ್ಪಿದರೆ ಸಾಮಾನು ಮೇಷ್ಟ್ರ ಮನೆಯ ಬೀರುವಿಗೆ. ಒಳಗೆ ಹೋದದ್ದು ಹೊರಗೆ ಬಂದ ದಾಖಲೆಯಿಲ್ಲ.

ಮನೆಯಲ್ಲೂ ಇದೇ ಕಾಟ. ಒಂದು ಸಲ ಜ್ವರ ಬಂದಿದ್ದ ಮಗಳ ಮುಂದೆ ನೀರಿನ ಲೋಟ ಎತ್ತಿ ಹಿಡಿದು ಕೇಳಿದರು. ಅವಳಿಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಒಣಗಿದ ಗಂಟಲಲ್ಲೇ ಮಲಗಿ, ಇನ್ನು ಈ ನಾಲಿಗೆಯ ಮೇಲೆ ಫ್ರೆಂಚಿನ ಒಂದಕ್ಷರ ಹೊರಳಿದರೆ ಅದನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದುಕೊಂಡಳು. ಅಪ್ಪನೂ ಜಗಮೊಂಡ, ಅವಳೊಡನೆ ಫ್ರೆಂಚ್ ಬಿಟ್ಟು ಬೇರೆ ಆಡಲಿಲ್ಲ. ಅಂದಿನಿಂದ ಉಪ್ಪು ಬೇಕಾದರೂ ಅತ್ತೆಯ ಮೂಲಕವೇ ಕೇಳಬೇಕಾಯಿತು.

*

“ಕೊಟ್ಟು ಸಾಯೇ, ವ್ಯಾನು ಹೊರಡ್ತಿದೆ!” ಅತ್ತೆ ಕೂಗಿದಳು.

ಮಗಳು ಬೀರು ತೆರೆದಳು. ನಾಲ್ವರೂ ಕೋಳಿ ತಿಪ್ಪೆ ಕೆದಕಿದಂತೆ ಕೆದಕಿ, ಕೊಡೆ, ವಾಚು, ಎರಡು ಟೋಪಿ ಹೆಕ್ಕಿಕೊಂಡು ಸೀದಾ ಮೆಟ್ಟಿಲಿಳಿಯತೊಡಗಿದರು.

“ಲೋ, ಪೆಟ್ಟಿಗೆ?” ಎಂದಳು ಅತ್ತೆ.

“ಯಾವ ಪೆಟ್ಟಿಗೆ? ನಮಗ್ಯಾವುದೂ ಕಾಣ್ತಿಲ್ಲಪ್ಪ,” ಎಂದ ಕ್ಷೌರದವ ಕೆಳಗಿನಿಂದ. ಅಣ್ಣತಮ್ಮಂದಿರು ಕಿಸಕ್ಕೆಂದರು.

ಕೆಳಗೆ ವ್ಯಾನು ಗುರ್ರೆಂದಿತು. ಮಗಳು ಮೆಟ್ಟಿಲ ಕಟಾಂಜನ ಹಿಡಿದು ನಿಂತಳು. ಗಂಟಲು ಅಂದಿನಂತೆಯೇ ಒಣಗಿತ್ತು. ಆಮೇಲೆ ಅವಳ ಬಾಯಿಂದ ಹೊರಟದ್ದು ಅಪ್ಪನ ಗುಡುಗೇ:

“ವು ವ್ವಾಯೇ ಲ ಸೆರ್ಕೆಯ್?” ಪೆಟ್ಟಿಗೆ ಕಾಣುತ್ತಿದೆಯೇ?

ಎಂಟೂ ಕಾಲುಗಳು ಗಕ್ಕನೆ ನಿಂತವು. ನಾಲ್ಕೂ ಬೆನ್ನುಗಳು ನೆಟ್ಟಗಾದವು.

“ಜ಼ ಲ ವ್ವಾ, ಮೆಸ್ಯೋ!”

ಹೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಥೂ! ಸತ್ತ ಮೇಲೂ ಬಿಡಲ್ಲ ಮುದುಕ,” ಎಂದು ಡಾಕ್ಟರು ತೋಳು ಮಡಿಸಿದರು. ಬೈಯುತ್ತಲೇ ಹತ್ತಿದರು, ಬೈಯುತ್ತಲೇ ಎತ್ತಿದರು. ಅತ್ತೆ ಕಿಟಕಿಯಿಂದ ವ್ಯಾನಿನವನ ಏಳು ತಲೆಮಾರನ್ನು ಜಾಲಾಡಿ ಅವನನ್ನು ನಿಲ್ಲಿಸಿದಳು.

ಮೊದಲ ತಿರುವಿನಲ್ಲೇ ಪೆಟ್ಟಿಗೆ ಸಿಕ್ಕಿಕೊಂಡಿತು. ಮಲಗಿಸಿ ಒಯ್ಯಲಾಗದು, ಏದುಸಿರು ಬಿಡುತ್ತ ನೆಟ್ಟಗೆ ನಿಲ್ಲಿಸಿದರು. ಮೇಷ್ಟ್ರು ಮೇಲಿನ ಮೆಟ್ಟಿಲಿನಲ್ಲಿ ಎದ್ದು ನಿಂತಿದ್ದರು. ಕೆಳಗೆ ನಾಲ್ವರು, ತಲೆ ತಗ್ಗಿಸಿಕೊಂಡು. ಹಿಂದೆ ಮಗಳು, ಪೆಟ್ಟಿಗೆ ವಾಲದಂತೆ, ಅದರ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಿದ್ದಳು.